ಜಲಪಾತದ ಹಿಂದುಗಡೆ

ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ ಪ್ರಭುದೇವ ಆ ಜಲಪಾತದ ಹೆಸರನ್ನು ಇನ್ನೊಂದು ಸಲ ಹೇಳಿ ನೋಡಿದ. ಸೆಲ್ಯಾಲಾಂಡ್ಸ್‌ಫಾಸ್. ಬಾಯಿ ತುಂಬ ನೊರೆಯಿದ್ದಾಗಲೇ ಅದು ಸರಿಯಾಗಿ ಬರುತ್ತದೆ ಎನ್ನಿಸಿತು. ಬಚ್ಚಲಿನ ಕನ್ನಡಿಯಲ್ಲಿ ಐವತ್ತೈದು ವರ್ಷದ, ಕೆಳತುಟಿ ಸ್ವಲ್ಪ ಜೋತುಬಿದ್ದ, ಪಿಯು ಕಾಲೇಜಿನ ಭೂಗೋಳದ ಲೆಕ್ಚರರೊಬ್ಬನ ಮುಖವಿತ್ತು. ಈ ಮುಖ ತುಮಕೂರಿನ ಎಷ್ಟೋ ತಲೆಮಾರಿನ ಹುಡುಗರಿಗೆ ಜಲಪಾತ ಹೇಗೆ ಹುಟ್ಟುತ್ತದೆ ಎಂದು ಪಾಠ ಮಾಡಿದೆ. ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆದು ಕಲ್ಲು. ನೀರು ಮೆದುವನ್ನು ಕೊರೆಯುತ್ತ ಕೊರೆಯುತ್ತ ಧಾರೆಯ ಹಿಂದುಗಡೆ ಒಂದು ಪೊಳ್ಳು ಉಂಟಾಗುತ್ತದೆ. ಆ ಪೊಳ್ಳನ್ನು ಅವನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದನೋ ಅಷ್ಟೇ ಸಲ ಡಸ್ಟರಿನಿಂದ ಒರೆಸಿದ್ದ. ನಿಜವಾದದ್ದು ಎದುರಿಗೆ ಬಂದು ನಿಂತಾಗ ಮಾತ್ರ ಕಾರಿನಲ್ಲಿ ಕೂತಿದ್ದ.

ಇವತ್ತು ಭಾನುವಾರ, ಗುಬ್ಬಿಗೆ ಊಟಕ್ಕೆ ಹೋಗಬೇಕು. ಹೆಂಡತಿ ಸರ್ವಮಂಗಳಳ ಸೋದರತ್ತೆ ರೇವಮ್ಮನವರ ಮನೆ. ಊಟ ನೆಪ, ಊಟವಾದ ಮೇಲೆ ದೊಡ್ಡ ಟಿವಿಯಲ್ಲಿ ಐಸ್‌ಲ್ಯಾಂಡಿನ ಫೋಟೋ ಹಾಕುವುದು, ಪ್ರಭುದೇವ ಪಕ್ಕದಲ್ಲಿ ನಿಂತು ವಿವರಿಸುವುದು ಎಂದು ಅವಳ ತಮ್ಮ ಕಿರಣ್‌ಕುಮಾರ್ ಏರ್ಪಾಟು ಮಾಡಿದ್ದ. ಬಟವಾಡಿಯಲ್ಲಿ ಟ್ರಾವೆಲ್ಸ್ ಇಟ್ಟುಕೊಂಡು ಇಷ್ಟು ವರ್ಷ ಜನರನ್ನು ಕಾಶಿ, ರಾಮೇಶ್ವರ, ಶ್ರೀಶೈಲಕ್ಕೆ ಸಾಗಿಸುತ್ತಿದ್ದ ಕಿರಣ್‌ಕುಮಾರನಿಗೆ ಈಚೆಗೆ ಫಾರಿನ್ ಟೂರಿನ ಹುಚ್ಚು ಹಿಡಿದಿತ್ತು. ಜೂನ್ ತಿಂಗಳಲ್ಲಿ ಮೊದಲ ಪ್ರಯೋಗವೆಂದು ತನ್ನ ಹೆಂಡತಿ ರೂಪಶ್ರೀಯನ್ನೂ ಅಕ್ಕ ಭಾವನನ್ನೂ ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು, ತಾನೇ ಓಡಿಸುತ್ತ, ಆ ದ್ವೀಪದ ಸುತ್ತ ಒಂದು ಪ್ರದಕ್ಷಿಣೆ ಹಾಕಿಸಿಕೊಂಡು ಬಂದಿದ್ದ. ಹೊಸ ಔಷಧಿಯನ್ನು ಮೊದಲು ಇಲಿಗೆ ಕೊಟ್ಟು ನೋಡುತ್ತಾರಲ್ಲ, ಆ ಇಲಿ ತಾನು ಎಂದು ಪ್ರಭುದೇವನಿಗೆ ಗೊತ್ತಿತ್ತು. ಬದುಕಿ ಬಂದ ಇಲಿಗೆ ಈಗ ಭಾಷಣದ ಕೆಲಸ. ‘ಭಾವ, ನೀವ್ ಬಾಯ್ ಬಿಟ್ರೆ ಸಾಕು, ಜನ ನಂಬ್ತಾರೆ. ಲೆಕ್ಚರರ್ ಅಲ್ವಾ,’ ಎಂದಿದ್ದ ಕಿರಣ್‌ಕುಮಾರ್. ಪ್ರಭುದೇವ ಬಾಯಿ ಬಿಟ್ಟಿದ್ದ. ಸ್ಟಾಫ್ ರೂಮಿನಲ್ಲಿ ಬಿಟ್ಟ, ಬೆಳಗಿನ ವಾಕಿಂಗ್ ಗೆಳೆಯರ ಎದುರು ಬಿಟ್ಟ, ಗೂಳೂರಿನ ಒಂದು ಗೃಹಪ್ರವೇಶದಲ್ಲಿ ಊಟದ ಪಂಕ್ತಿಯಲ್ಲಿ ಎಡಬಲದಲ್ಲಿ ಕೂತಿದ್ದ ಅಪರಿಚಿತರಿಗೂ ಬಿಟ್ಟ. ಹೋದ ಭಾನುವಾರ ಕುಣಿಗಲ್ಲಿನಲ್ಲಿ, ಅಣ್ಣನ ಮನೆಯಲ್ಲಿ, ಸ್ವಲ್ಪ ಜಾಸ್ತಿಯೇ ಬಿಟ್ಟ.

ಅಲ್ಲಿ ಅತ್ತಿಗೆ ಕಾಫಿ ಲೋಟ ಕೈಗೆ ಕೊಡುತ್ತ, ‘ನೀರಿನ ಹಿಂದ್ಗಡೆ ನಡ್ಕೊಂಡ್ ಹೋಗ್ಬೋದಂತೆ, ಹೌದಾ?’ ಎಂದು ಕೇಳಿದ್ದರು. ಹೌದು, ಹೋಗಬಹುದು ಎಂದಿದ್ದರೆ ಮುಗಿಯುತ್ತಿತ್ತು. ‘ಹೋಗಿದ್ದೆ,’ ಎಂದುಬಿಟ್ಟ. ಅಂದ ಮೇಲೆ ಸುಮ್ಮನಿರುವುದಕ್ಕಾಗುತ್ತದೆಯೇ, ಮುಖಕ್ಕೆ ರಾಚಿದ ಹನಿ, ಕಿವಿ ಕಿವುಡಾಗಿಸುವ ಸದ್ದು, ಕಾಲ ಕೆಳಗಿನ ಪಾಚಿ, ಎಲ್ಲವನ್ನೂ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದ. ಪಕ್ಕದಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಸರ್ವಮಂಗಳ ತಲೆಯೆತ್ತಿ ಅವನನ್ನು ನೋಡಿದಳು. ಕೋಪವಿರಲಿಲ್ಲ, ನಗೆಯೂ ಇರಲಿಲ್ಲ. ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರನ್ನು ಒಮ್ಮೆ ನೋಡುತ್ತಾರಲ್ಲ, ಅಷ್ಟೇ. ಮತ್ತೆ ಬಗ್ಗಿ ನಾರು ತೆಗೆದಳು. ಬರುವಾಗ ಬಸ್ಸಿನಲ್ಲಿ ಏನಾದರೂ ಅಂದಾಳು ಎಂದು ಅವನು ಕಾದ. ಮನೆಗೆ ಬಂದ ಮೇಲೆ ಅಂದಾಳು ಎಂದು ಕಾದ. ವಾರ ಕಳೆಯಿತು. ಅವಳು ಹಾಲಿನವನ ಬಗ್ಗೆ ಮಾತಾಡಿದಳು, ಮೈಸೂರಿನ ಹಾಸ್ಟೆಲ್ಲಿನಲ್ಲಿರುವ ಮಗಳು ನಂದಿತಾಳ ಕೆಮ್ಮಿನ ಬಗ್ಗೆ ಮಾತಾಡಿದಳು, ಆ ಮಾತನ್ನು ಮಾತ್ರ ಎತ್ತಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಕಥೆ ಎಲ್ಲರಿಗೂ ಗೊತ್ತು. ಯಾರೂ ಏನೂ ಅನ್ನದೆಯೇ ದಿನವಿಡೀ ಹೆಗಲು ಒರೆಸಿಕೊಳ್ಳುವವನ ಪಾಡು ಇನ್ನೂ ಕೆಟ್ಟದ್ದು.

ಸುಳ್ಳಿನದೇ ಚಿಂತೆಯಾಗಿದ್ದರೆ ಅವನು ಸಂಭಾಳಿಸುತ್ತಿದ್ದ. ಲೆಕ್ಚರರಿಗೆ ಅದೇನು ಹೊಸದಲ್ಲ. ನೋಡದ ಆಫ್ರಿಕಾವನ್ನು, ನೋಡದ ಟಂಡ್ರಾವನ್ನು ಅನ್ನ ಉಂಡಷ್ಟು ಸಲೀಸಾಗಿ ಪಾಠ ಮಾಡಿದವನು. ಅವನನ್ನು ಕೊರೆಯುತ್ತಿದ್ದದ್ದು ಬೇರೆ. ಅವತ್ತು ಸರ್ವಮಂಗಳ ಆ ನೀರಿನ ಹಿಂದೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಕಿರಣ್‌ಕುಮಾರ್, ರೂಪಶ್ರೀ ಒಳಗೆ ಹೋಗಿ ಫೋಟೋ ತೆಗೆದುಕೊಂಡು ಬಂದು, ಕಾಫಿ ಕುಡಿದು, ಮತ್ತೆ ಅವಳನ್ನು ಕರೆಯಲು ಹೋಗಬೇಕೋ ಬೇಡವೋ ಎಂದು ಮಾತಾಡಿಕೊಳ್ಳುವವರೆಗೂ ಅವಳು ಅಲ್ಲೇ ಇದ್ದಳು. ಒಬ್ಬಳೇ ಅಷ್ಟು ಹೊತ್ತು ಅಲ್ಲಿ ಏನು ಮಾಡಿದಳು? ಏನು ಯೋಚಿಸಿದಳು? ತನ್ನ ಮೇಲಿನ ಸಿಟ್ಟಿನಿಂದಲೇ ಹೋದಳೇ? ಬಂದವಳ ಮುಖದಲ್ಲಿ ಏನೋ ಇಳಿಸಿ ಬಂದಂಥ ಹಗುರ ಇತ್ತು, ಅದು ತುಮಕೂರಿಗೆ ಬಂದ ಮೇಲೂ ಹೋಗಿರಲಿಲ್ಲ. ಸೊಪ್ಪು ಸೋಸುವಾಗ ಒಬ್ಬಳೇ ನಗುತ್ತಿದ್ದಳು. ಆ ನಗೆಯೊಳಗೆ ತನಗೆ ಜಾಗವಿದೆಯೋ ಇಲ್ಲವೋ ಎಂದು ಪ್ರಭುದೇವ ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದ. ಕೇಳಬಹುದಿತ್ತು. ಇಪ್ಪತ್ತೇಳು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿಯನ್ನು ಅಲ್ಲಿ ಏನು ಮಾಡಿದೆ ಎಂದು ಕೇಳುವುದಕ್ಕೆ ಧೈರ್ಯ ಬೇಕೆಂದು ಅವನು ತಿಳಿದಿರಲಿಲ್ಲ. ಕೇಳುವ ಬದಲು ಬಚ್ಚಲಿಗೆ ಫೋನ್ ಒಯ್ದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರೋ ಬಿಳಿಯನೊಬ್ಬ ಆ ನೀರಿನ ಹಿಂದೆ ನಡೆದು ತೆಗೆದ ವೀಡಿಯೋವನ್ನು ನೋಡುತ್ತಿದ್ದ. ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡುತ್ತಿದ್ದ. ಆ ಬಿಳಿಯನ ಉಸಿರಾಟ ಕೇಳುತ್ತಿತ್ತು, ಕಲ್ಲು ಕಾಣುತ್ತಿತ್ತು. ಸರ್ವಮಂಗಳ ಎಲ್ಲೂ ಕಾಣುತ್ತಿರಲಿಲ್ಲ.

‘ರೀ, ಒಳಗೇ ನಿದ್ದೆ ಮಾಡ್ಬಿಟ್ರಾ? ಕಿರಣ ಬಂದವ್ನೆ,’ ಎಂದು ಸರ್ವಮಂಗಳ ಬಾಗಿಲು ಬಡಿದಳು. ಅವನು ಬಾಯಿ ಮುಕ್ಕಳಿಸಿ, ಸ್ನಾನ ಮುಗಿಸಿ, ವಿಭೂತಿ ಹಚ್ಚಿ, ಎಡಗೈಯಲ್ಲಿ ಲಿಂಗವನ್ನಿಟ್ಟುಕೊಂಡು ಕೂತ. ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಈಚೆಗೆ ಅದು ನಿಲ್ಲುತ್ತಲೇ ಇರಲಿಲ್ಲ. ಲಿಂಗದ ಮೇಲೆ ನೀರು ಬಿಡುವಾಗಲೆಲ್ಲ ಅವನ ಕೈ ಒಂದು ಕ್ಷಣ ತಡೆಯುತ್ತಿತ್ತು, ಯಾರೋ ಹಿಂದೆ ನಿಂತು ನೋಡುತ್ತಿದ್ದಾರೆ ಎನ್ನಿಸುತ್ತಿತ್ತು. ಯಾಕೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಕಾರಿನಲ್ಲಿ ಅಲ್ಲಿ ಕೂತ ಹಾಗೇ ಇಲ್ಲೂ ಕೂತರು. ಕಿರಣ್‌ಕುಮಾರ್ ಸ್ಟೀರಿಂಗಿಗೆ, ಪಕ್ಕದಲ್ಲಿ ಪ್ರಭುದೇವ, ಹಿಂದೆ ಹೆಂಗಸರಿಬ್ಬರು. ಗುಬ್ಬಿ ಗೇಟ್ ದಾಟಿ ಹೆಗ್ಗೆರೆಯ ಕಡೆ ಹೊರಟಾಗ ಒಂದು ಟ್ರ್ಯಾಕ್ಟರ್ ರಾಂಗ್ ಸೈಡಿನಲ್ಲಿ ಎದುರಿಗೇ ಬಂತು. ಕಿರಣ್‌ಕುಮಾರ್ ಬ್ರೇಕ್ ಹಾಕಿ ಅದರ ಡ್ರೈವರನ ವಂಶವನ್ನೆಲ್ಲ ನೆನೆದ. ಐಸ್‌ಲ್ಯಾಂಡಿನ ರಸ್ತೆಯಲ್ಲಿ ಬೈಯುವುದಕ್ಕೂ ಯಾರೂ ಸಿಗುತ್ತಿರಲಿಲ್ಲ. ಗಂಟೆಗಟ್ಟಲೆ ಹೋದರೂ ಕುರಿ ಬಿಟ್ಟರೆ ಇನ್ನೊಂದು ಜೀವ ಇಲ್ಲ. ಎಡಕ್ಕೆ ಕಪ್ಪು ಮರಳಿನ ಸಮುದ್ರ, ಬಲಕ್ಕೆ ಹಸಿರು ಗೋಡೆಯಂಥ ಬೆಟ್ಟ, ಬೆಟ್ಟದ ತುದಿಯಿಂದ ಅಲ್ಲೊಂದು ಇಲ್ಲೊಂದು ಬಿಳೀ ಗೆರೆ ಇಳಿಯುವುದು. ಮೊದಲ ದಿನ ಪ್ರತಿ ಗೆರೆಗೂ ಕಾರು ನಿಲ್ಲಿಸಿ ಇಳಿದಿದ್ದರು. ಆಮೇಲಾಮೇಲೆ ರೂಪಶ್ರೀ, ‘ಇದೂ ಫಾಲ್ಸೇನಾ? ಮುಂದೆ ದೊಡ್ಡದು ಬರುತ್ತೆ ಬಿಡಿ,’ ಎನ್ನತೊಡಗಿದಳು. ಪ್ರಭುದೇವ ಮಾತ್ರ ಸೋಲಲಿಲ್ಲ. ಇದು ಬಸಾಲ್ಟ್, ಇದು ಹಿಮನದಿ ಕೊರೆದ ಕಣಿವೆ, ಹಿಂದೆ ಸಮುದ್ರ ಈ ಬೆಟ್ಟದ ಬುಡದವರೆಗೂ ಇತ್ತು ಎಂದು ಪಾಠ ಹಚ್ಚಿದ. ಹೊರಗೆ ನೋಡುವುದಕ್ಕಿಂತ ಹೆಚ್ಚು ಹೊತ್ತು ಹಿಂದಕ್ಕೆ ತಿರುಗಿ ಹೆಂಗಸರಿಗೆ ಅರ್ಥವಾಯಿತೋ ಇಲ್ಲವೋ ಎಂದು ನೋಡಿದ. ಕಿರಣ್‌ಕುಮಾರ್ ಹಾಡಿನ ಸದ್ದು ಜಾಸ್ತಿ ಮಾಡಿದ. ಸರ್ವಮಂಗಳ ಕಿಟಕಿಯ ಗಾಜಿಗೆ ಹಣೆಯಾನಿಸಿ ಕೂತಿದ್ದಳು. ತುಮಕೂರಿನಲ್ಲಿ ಬಸ್ಸು ಹತ್ತಿದರೆ ಇಳಿಯುವವರೆಗೆ ಮಾತಾಡುವವಳು ಅಲ್ಲಿ ದಿನವಿಡೀ ತುಟಿ ಬಿಚ್ಚುತ್ತಿರಲಿಲ್ಲ. ಪಾಠ ಅವಳ ಮನಸ್ಸಿಗೆ ಇಳಿಯುತ್ತಿದೆ ಎಂದು ಅವನು ಭಾವಿಸಿದ್ದ. ದೇವರು ಕೆಲವರಿಗೆ ಬುದ್ಧಿಯ ಜಾಗದಲ್ಲೂ ನಾಲಿಗೆಯನ್ನೇ ಇಟ್ಟಿರುತ್ತಾನೆ.

ಆ ಜಲಪಾತದ ಮುಂದೆ ಕಾರು ನಿಂತಾಗ ಗಾಳಿ ಜೋರಾಗಿತ್ತು. ಜನ ಬಣ್ಣ ಬಣ್ಣದ ರೇನ್‌ಕೋಟು ತೊಟ್ಟು ಒಂದು ಕಡೆಯಿಂದ ನೀರಿನ ಹಿಂದೆ ನುಗ್ಗಿ ಇನ್ನೊಂದು ಕಡೆಯಿಂದ ಹೊರಬೀಳುತ್ತಿದ್ದರು. ಹೊರಬಂದವರಲ್ಲಿ ಒಬ್ಬ ಮುದುಕ ಜಾರಿ, ಎದ್ದು, ನಗುತ್ತಿದ್ದ. ಪ್ರಭುದೇವ ಅದನ್ನು ನೋಡಿದ. ಅವನ ಮೊಣಕಾಲು ತಾನಾಗಿಯೇ ನಿರ್ಧಾರ ಮಾಡಿತು. ‘ನೀವ್ ಹೋಗ್ಬನ್ನಿ, ನಾನ್ ಬ್ಯಾಗ್ ನೋಡ್ಕೋತೀನಿ,’ ಎಂದ. ಬ್ಯಾಗಿನಲ್ಲಿ ಇದ್ದದ್ದು ಚಟ್ನಿಪುಡಿ, ನಿಪ್ಪಟ್ಟು, ಕೊಬ್ಬರಿ ಮಿಠಾಯಿ. ಪಾಸ್‌ಪೋರ್ಟುಗಳು ಕಿರಣ್‌ಕುಮಾರನ ಸೊಂಟದಲ್ಲಿದ್ದವು. ಕಳ್ಳರೇ ಇಲ್ಲವೆಂದು ಹೆಸರಾದ ದೇಶದಲ್ಲಿ, ಬೀಗ ಹಾಕುವ ಕಾರಿನಲ್ಲಿ, ಅರಸೀಕೆರೆ ಜಂಕ್ಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಕೂತಂತೆ ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡ. ‘ನಿಪ್ಪಟ್ ಕದಿಯೋಕೆ ಯಾರ್ ಬರ್ತಾರೆ, ಬನ್ನಿ ಅಣ್ಣ,’ ಎಂದು ರೂಪಶ್ರೀ ನಕ್ಕಳು. ಆಗ ಅವನು ಗಂಭೀರನಾಗಿ ಎದೆಯ ಮೇಲೆ ಕೈಯಿಟ್ಟು ಆ ಮಾತು ಹೇಳಿದ. ‘ಅದಲ್ಲ ಕಣಮ್ಮ. ಮೈಮೇಲೆ ಲಿಂಗ ಇದೆ. ಜಾರಿ ಬಿದ್ದು ದಾರ ಕಿತ್ತೋದ್ರೆ? ಆ ನೀರಲ್ಲಿ ಎಲ್ಲೀಂತ ಹುಡ್ಕೋದು?’ ರೂಪಶ್ರೀಯ ನಗೆ ನಿಂತಿತು. ಕಿರಣ್‌ಕುಮಾರ್ ಕೂಡ, ‘ಅದೂ ಸರಿನೇ,’ ಎಂದ. ಅಂಥ ಮಾತಿಗೆ ನಮ್ಮ ಜನ ಎದುರಾಡುವುದಿಲ್ಲ. ಲಿಂಗ ಮೈಯಿಂದ ಅಗಲಬಾರದು ಎಂದು ದೀಕ್ಷೆಯ ದಿನ ಕಿವಿಯಲ್ಲಿ ಹೇಳಿಸಿಕೊಂಡೇ ಎಲ್ಲರೂ ದೊಡ್ಡವರಾದದ್ದು. ಇಳಿದು ನಿಂತಿದ್ದ ಸರ್ವಮಂಗಳ ಅವನನ್ನು ಒಮ್ಮೆ ನೋಡಿದಳು. ಅವಳ ಕೊರಳಲ್ಲೂ ಲಿಂಗವಿತ್ತು. ಅದನ್ನು ಅವಳು ರವಿಕೆಯೊಳಗೆ ಸೇರಿಸಿ, ರೇನ್‌ಕೋಟಿನ ಗುಂಡಿ ಹಾಕಿಕೊಂಡು, ನೀರಿನ ಕಡೆ ನಡೆದಳು.

ದಿನಾ ಬೆಳಿಗ್ಗೆ ಅಂಗೈಯಲ್ಲಿಟ್ಟು ನೀರೆರೆಯುವ ಲಿಂಗವನ್ನು ನೀರಿನ ಭಯಕ್ಕೆ ಅಡ್ಡ ಹಿಡಿದಿದ್ದ. ಆ ಮಾತು ಬಾಯಿಂದ ಬಿದ್ದ ಗಳಿಗೆಯಿಂದ ಪ್ರಭುದೇವನೊಳಗೆ ಒಂದು ಕೋರ್ಟು ಕೂತಿತ್ತು. ಮೊಣಕಾಲಿನ ಹೇಡಿತನವನ್ನು ದೇವರ ತಲೆಗೆ ಕಟ್ಟಿದ್ದು ಒಂದು. ಹೆಂಡತಿಗೂ ಲಿಂಗವಿದೆ, ಅದರ ಗತಿಯೇನು ಎಂದು ಹೊಳೆಯದೇ ಹೋದದ್ದು ಇನ್ನೊಂದು. ಮೂರನೆಯದು ಎಲ್ಲಕ್ಕಿಂತ ಸಣ್ಣದು, ಅದಕ್ಕೇ ಹೇಳುವುದಕ್ಕೂ ನಾಚಿಕೆ. ಅವಳು ತಲೆಯಿಂದ ಕಾಲಿನವರೆಗೆ ತೊಯ್ದು, ಕೂದಲಿನಿಂದ ನೀರು ತೊಟ್ಟಿಕ್ಕಿಸುತ್ತ, ಜ್ವರ ಬಿಟ್ಟವಳ ಹಾಗೆ ಕಣ್ಣು ಹೊಳೆಸುತ್ತ ಕಾರಿನ ಬಾಗಿಲಿಗೆ ಬಂದು ಏನೋ ಹೇಳಲು ಬಾಯಿ ತೆರೆದಾಗ, ಅವನು ಹೇಳಿದ ಮೊದಲ ಮಾತು, ‘ಸೀಟ್ ಒದ್ದೆ ಆಗುತ್ತೆ, ತಾಳು, ಕವರ್ ಹಾಸ್ತೀನಿ.’ ಅವಳು ಬಾಯಿ ಮುಚ್ಚಿದಳು. ಅವನು ನಿಪ್ಪಟ್ಟಿನ ಪ್ಲಾಸ್ಟಿಕ್ ಕವರನ್ನು ಸೀಟಿನ ಮೇಲೆ ಬಿಡಿಸಿ ಹಾಸಿದ. ಅವಳು ಅದರ ಮೇಲೆ ಕೂತಳು. ಅವತ್ತು ಅವಳ ಬಾಯಲ್ಲಿದ್ದ ಮಾತು ಏನಾಗಿತ್ತು ಎಂಬುದನ್ನು ಇವತ್ತಿನವರೆಗೂ ಅವನಿಗೆ ತಿಳಿಯಲಾಗಿರಲಿಲ್ಲ.

‘ಭಾವ, ಫಾಲ್ಸ್ ಹಿಂದ್ಗಡೆದನ್ನ ಚೆನ್ನಾಗ್ ಬಿಲ್ಡಪ್ ಕೊಟ್ಟು ಹೇಳಿ,’ ಎಂದ ಕಿರಣ್‌ಕುಮಾರ್, ಮಲ್ಲಸಂದ್ರ ದಾಟುವಾಗ. ‘ಕುಣಿಗಲ್ಲಲ್ಲಿ ಸೂಪರಾಗ್ ಹೇಳಿದ್ರಂತೆ. ನಿಮ್ಮಣ್ಣ ಫೋನ್ ಮಾಡಿದ್ರು.’ ಪ್ರಭುದೇವ ಸೀಟ್ ಬೆಲ್ಟನ್ನು ಎಳೆದು ಸರಿಮಾಡಿಕೊಂಡ. ಕಿರಣ್‌ಕುಮಾರನಿಗೆ ಎಲ್ಲ ಗೊತ್ತು, ತಾನು ಇಳಿಯಲೇ ಇಲ್ಲವೆಂದು ಗೊತ್ತು. ಗೊತ್ತಿದ್ದೂ ಹೀಗೆ ಮಾತಾಡುತ್ತಾನೆ. ಅಂದರೆ ತನ್ನ ಸುಳ್ಳು ಅವನಿಗೆ ಒಂದು ಪಾಂಪ್ಲೆಟ್ ಇದ್ದ ಹಾಗೆ. ಹಿಂದಿನ ಸೀಟಿನಲ್ಲಿ ಸರ್ವಮಂಗಳ ರೂಪಶ್ರೀಗೆ ರೇವಮ್ಮತ್ತೆಯ ಮಂಡಿ ನೋವಿನ ವಿಚಾರ ಹೇಳುತ್ತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ. ಅವನು ಮೇಲಿನ ಕನ್ನಡಿಯಲ್ಲಿ ಅವಳ ಮುಖ ಹುಡುಕಿದ. ಕಂಡದ್ದು ರೂಪಶ್ರೀಯ ಮುಖ. ಅವಳು ತನಗೇ ಎಂದುಕೊಂಡು ಮುಗುಳ್ನಕ್ಕಳು.

ಗುಬ್ಬಿಯ ಮನೆ ತುಂಬಿ ತುಳುಕುತ್ತಿತ್ತು. ರೇವಮ್ಮನವರ ಮಗ ಅಡವಿಯಪ್ಪ ಕೊಬ್ಬರಿ ವ್ಯಾಪಾರಿ. ದೊಡ್ಡ ದನಿ, ದೊಡ್ಡ ಹೊಟ್ಟೆ, ಮನಸ್ಸಿನಲ್ಲಿ ಒಂದೂ ಗಂಟಿಲ್ಲದ ಮನುಷ್ಯ. ಅಕ್ಕಪಕ್ಕದ ಅಂಗಡಿಯವರನ್ನೂ ಸಂಸಾರ ಸಮೇತ ಊಟಕ್ಕೆ ಕರೆದಿದ್ದ. ಒಬ್ಬಟ್ಟು, ಕೋಸಂಬರಿ, ಮಜ್ಜಿಗೆಹುಳಿ. ‘ಫಾರಿನ್ನಲ್ಲಿ ಇದೆಲ್ಲಾ ಸಿಕ್ಕಿರಕ್ಕಿಲ್ಲ, ಉಣ್ಣಿ ಮೇಷ್ಟ್ರೇ,’ ಎಂದು ಎಲೆಯ ಮುಂದೆ ನಿಂತು ತುಪ್ಪ ಬಡಿಸಿದ. ಪ್ರಭುದೇವ ಉಂಡ. ಭಯವಾದಾಗ ಅವನಿಗೆ ಹಸಿವು ಜಾಸ್ತಿ. ಎಪ್ಪತ್ತೈದು ದಾಟಿದ ರೇವಮ್ಮ ನಡುಮನೆಯ ಕುರ್ಚಿಯಲ್ಲಿ ಕೂತು, ಸರ್ವಮಂಗಳಳ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು, ‘ಮೈ ಕೈ ತುಂಬ್ಕೊಂಡಿದೀಯ ಕಣೇ. ಯಾವ ನೀರೇ ಅದು, ನಂಗೂ ಒಂದ್ ಚೊಂಬ್ ತರ್ಬಾರ್ದಿತ್ತಾ?’ ಎನ್ನುತ್ತಿದ್ದರು. ಸರ್ವಮಂಗಳ ನಗುತ್ತಿದ್ದಳು. ಒಬ್ಬಳೇ ಇದ್ದಾಗ ಸೊಪ್ಪು ಸೋಸುತ್ತ ನಗುತ್ತಿದ್ದಳಲ್ಲ, ಅದೇ ನಗೆ. ಮುದುಕಿಗೆ ಅದು ಸಲೀಸಾಗಿ ಸಿಕ್ಕಿಬಿಟ್ಟಿತಲ್ಲ ಎಂದು ಪ್ರಭುದೇವನಿಗೆ ಹೊಟ್ಟೆಯುರಿಯಿತು.

ಊಟವಾಯಿತು, ಎಲೆ ಅಡಿಕೆಯಾಯಿತು. ಕಿರಣ್‌ಕುಮಾರ್ ತನ್ನ ಫೋನನ್ನು ಟಿವಿಗೆ ಜೋಡಿಸಿದ. ಪ್ರಭುದೇವ ಎದ್ದು ನಿಂತು ಗಂಟಲು ಸರಿಮಾಡಿಕೊಂಡ. ಶುರುವಾದರೆ ಅವನು ಬೇರೆಯೇ ಮನುಷ್ಯ. ದನಿ ತಾನಾಗಿ ಏರುತ್ತದೆ, ಕೈ ತಾನಾಗಿ ಆಡುತ್ತದೆ. ಕಪ್ಪು ಮರಳು ಬಂತು, ಹಿಮನದಿ ಬಂತು, ಮುಳುಗದ ಸೂರ್ಯ ಬಂದ. ‘ಹಂಗಾದ್ರೆ ಸಂಜೆ ಪೂಜೆ ಯಾವಾಗ್ ಮಾಡ್ತಿದ್ರಿ?’ ಎಂದು ಅಂಗಡಿಯವರ ಹೆಂಡತಿಯೊಬ್ಬರು ಕೇಳಿದರು. ‘ತುಮಕೂರಿನ ಟೈಮಿಗೆ,’ ಎಂದ. ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಆ ಜಲಪಾತ ಬಂತು. ಟಿವಿಯ ತುಂಬ ನೀರು. ಅವನು ಹೆಸರು ಹೇಳಿದ. ಬೆಳಿಗ್ಗೆ ನೊರೆಯಿದ್ದಾಗ ಬಂದಷ್ಟು ಚೆನ್ನಾಗಿ ಬರಲಿಲ್ಲ.

‘ಹಿಂದ್ಗಡೆ ಹೋದ್ರೆ ಏನ್ ಕಾಣ್ಸುತ್ತೆ ಮೇಷ್ಟ್ರೇ?’ ಎಂದು ಅಡವಿಯಪ್ಪ ಕೇಳಿದ.

ಸರ್ವಮಂಗಳ ರೇವಮ್ಮನವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವಳ ಎದುರಿಗೇ ಹೇಳಬೇಕು. ನಾನು ಹೋಗಲಿಲ್ಲ, ಅವಳು ಹೋಗಿದ್ದಳು, ಅವಳನ್ನೇ ಕೇಳಿ ಎಂದರೆ ಮುಗಿಯಿತು. ಎರಡು ಉಸಿರಿನ ಕೆಲಸ. ಅಷ್ಟೇ ಅಲ್ಲ, ಹಾಗೆಂದರೆ ಅವಳು ಬಾಯಿ ಬಿಟ್ಟು ಹೇಳಿಯಾಳು, ಇಷ್ಟು ದಿನ ತನ್ನನ್ನು ಕೊರೆದದ್ದು ಎಲ್ಲರ ಜೊತೆ ತನಗೂ ತಿಳಿದೀತು. ಇದೆಲ್ಲ ಅವನಿಗೆ ಸ್ಪಷ್ಟವಾಗಿ ಕಂಡಿತು. ಕಂಡದ್ದನ್ನು ಮಾಡುವ ಜಾತಿಗೆ ಸೇರಿದವನಲ್ಲ ಅವನು. ‘ಹಿಂದೆ ಹೋದ್ರೆ, ನೋಡಿ, ಮೊದಲು ಸದ್ದು,’ ಎಂದು ಶುರುಮಾಡಿದ. ಬಚ್ಚಲಿನಲ್ಲಿ ನೋಡಿದ ಬಿಳಿಯನ ವೀಡಿಯೋ ಸಾಲು ಸಾಲಾಗಿ ಬಂತು. ಬಲಗಡೆ ಒದ್ದೆ ಬಂಡೆ, ಎಡಗಡೆ ನೀರಿನ ಪರದೆ, ನಡುವೆ ಸಣ್ಣ ಕೆಸರು ದಾರಿ. ಆ ಬಿಳಿಯ ಉಸಿರು ಬಿಟ್ಟ ಕಡೆಯಲ್ಲೆಲ್ಲ ಇವನೂ ಉಸಿರು ಬಿಟ್ಟ. ರೇವಮ್ಮ ಮಂಡಿ ಹಿಡಿದು ಎದ್ದು, ‘ಬಾರೇ ಮಂಗಳಾ, ಕಾಫಿಗಿಡೋಣ,’ ಎಂದರು. ಸರ್ವಮಂಗಳ ಅವರ ತೋಳು ಹಿಡಿದು ಅಡುಗೆಮನೆಗೆ ಹೋದಳು. ಅವಳು ಹೋದದ್ದು ಮುದುಕಿಗೆ ಆಸರೆಯಾಗಲೋ, ತನ್ನ ಮಾತು ಕೇಳಲಾರದೆಯೋ? ಮಾತಾಡುತ್ತಲೇ ಅದನ್ನೇ ಯೋಚಿಸಿದ. ಮಾತು ಮಾತ್ರ ನಿಲ್ಲಲಿಲ್ಲ.

ಅಷ್ಟರಲ್ಲಿ ಟಿವಿಯಲ್ಲಿ ಹೊಸ ಫೋಟೋ ಬಂತು. ಪ್ರಭುದೇವ ಅದನ್ನು ನೋಡಿಯೇ ಇರಲಿಲ್ಲ. ನೀರಿನ ಹಿಂದೆ ನಿಂತು ರೂಪಶ್ರೀ ಹೊರಗಿನ ಕಡೆಗೆ ತೆಗೆದದ್ದು. ನೀರು ಒಂದು ಕಡೆ ತೆಳುವಾಗಿ, ಅದರಾಚೆ ಹಸಿರು ಬಯಲು, ಕಾರು ನಿಲ್ಲಿಸುವ ಜಾ­ಗ ಕಾಣುತ್ತಿತ್ತು. ‘ಏ, ಅದೇನೋ ಕಾಣ್ತೈತೆ, ದೊಡ್ಡದ್ ಮಾಡ್ಲಾ,’ ಎಂದ ಅಡವಿಯಪ್ಪ. ಕಿರಣ್‌ಕುಮಾರ್ ಯೋಚಿಸದೆ ಬೆರಳಿನಿಂದ ಹಿಗ್ಗಿಸಿದ. ಬಿಳೀ ಕಾರು. ತೆರೆದ ಬಾಗಿಲು. ಬಾಗಿಲಲ್ಲಿ ಕಾಲು ಇಳಿಬಿಟ್ಟು, ಮಂಕಿ ಕ್ಯಾಪ್ ಹಾಕಿಕೊಂಡು, ತೊಡೆಯ ಮೇಲೆ ಬ್ಯಾಗನ್ನು ಎರಡೂ ಕೈಯಿಂದ ತಬ್ಬಿ ಕೂತ ಒಬ್ಬ ಮನುಷ್ಯ. ಮುಖ ಮಸುಕಾಗಿತ್ತು. ಆದರೆ ಆ ಕೂರುವ ರೀತಿ ಇಡೀ ತುಮಕೂರಿಗೆ ಪರಿಚಿತ.

‘ಅದ್ಯಾರು?’ ಎಂದರು ಯಾರೋ.

‘ಯಾರೋ ಅಲ್ಲಿಯೋರು,’ ಎಂದ ಪ್ರಭುದೇವ. ತನ್ನ ಬಾಯಿ ಅದನ್ನು ಇಷ್ಟು ಬೇಗ ಹೇಳಿಬಿಟ್ಟಿದ್ದು ಅವನಿಗೇ ಆಶ್ಚರ್ಯವಾಯಿತು. ರೂಪಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮತೊಡಗಿದಳು. ‘ಹೂಂ, ಯಾವ್ದೋ ಗಾಡಿ ಡ್ರೈವರ್ ಇರ್ಬೇಕು,’ ಎಂದ ಕಿರಣ್‌ಕುಮಾರ್, ಮುಂದಿನ ಫೋಟೋಗೆ ಬೆರಳು ತಡಕುತ್ತ. ಅಡವಿಯಪ್ಪ ಮಾತ್ರ ಆ ಚಿತ್ರವನ್ನು ಮರುಕದಿಂದ ನೋಡಿದ. ‘ಪಾಪ, ಯಾರ್ಗೋ ಕಾಯ್ಕೊಂಡ್ ಕೂತವ್ನೆ. ಅಲ್ಲೀವರ್ಗೂ ಹೋಗಿ ನೋಡೋಕ್ ಆಗ್ಲಿಲ್ವಲ್ಲ ಬಡ್ಡೀಮಗಂಗೆ.’ ಹೌದು ಪಾಪ, ಎಂದು ಪ್ರಭುದೇವನೂ ತಲೆಯಾಡಿಸಿದ. ಮನುಷ್ಯ ತನ್ನ ಬಗ್ಗೆ ಮರುಕಪಡುವುದುಂಟು, ಆದರೆ ಹೀಗೆ ಬೇರೆಯವರ ಜೊತೆ ಸೇರಿ, ಒಬ್ಬಟ್ಟಿನ ತೇಗು ತೇಗುತ್ತ ಮರುಕಪಡುವ ಯೋಗ ಎಲ್ಲರಿಗೂ ಬರುವುದಿಲ್ಲ. ಅವನು ನೀರು ಕುಡಿದು ಬರುತ್ತೇನೆಂದು ಹೇಳಿ ಅಡುಗೆಮನೆಯ ಕಡೆ ನಡೆದ.

ಅಡುಗೆಮನೆಯ ಬಾಗಿಲಿನ ಪಕ್ಕದ ಓಣಿಯಲ್ಲಿ ಕೈ ತೊಳೆಯುವ ಸಿಂಕು. ಅಲ್ಲಿಗೆ ಬಂದವನಿಗೆ ಒಳಗಿನ ಮಾತು ಕೇಳಿಸಿತು. ರೇವಮ್ಮ ಕೇಳುತ್ತಿದ್ದರು, ‘ಅಷ್ಟೊತ್ತು ಒಳಗ್ ಏನೇ ಮಾಡ್ದೆ, ಒಬ್ಳೇ?’ ನಲ್ಲಿಗೆ ಹೋದ ಪ್ರಭುದೇವನ ಕೈ ಅಲ್ಲೇ ನಿಂತಿತು. ಎರಡು ತಿಂಗಳು ತಾನು ಕೇಳಲಾರದೆ ಹೋದ ಪ್ರಶ್ನೆಯನ್ನು ಈ ಮುದುಕಿ ಕಾಫಿಪುಡಿ ಹಾಕುತ್ತ ಕೇಳಿಬಿಟ್ಟಿದ್ದರು.

‘ಬೈದೆ ಅತ್ತೆ,’ ಎಂದಳು ಸರ್ವಮಂಗಳ.

‘ಯಾರ್ನೇ?’

‘ಎಲ್ಲಾರ್ನೂ. ಆ ಸದ್ದಲ್ಲಿ ನಮ್ ಮಾತು ನಮಗೇ ಕೇಳಲ್ಲ. ಮೊದ್ಲು ಸುಮ್ನೆ ಕೂಗಿ ನೋಡ್ದೆ. ಕೇಳ್ಳಿಲ್ಲ. ಆಮೇಲೆ ನಮ್ಮಪ್ಪನ್ನ ಬೈದೆ. ನರ್ಸಿಂಗ್ ಓದ್ತೀನಿ ಅಂದಾಗ ಬೇಡ ಅಂದ್ರಲ್ಲ, ಅದನ್ನ ಒಂದಿನಾನೂ ಅವ್ರ್ ಮುಂದೆ ಅಂದಿರ್ಲಿಲ್ಲ. ನಮ್ಮನೆಯೋರ ಅಮ್ಮನ್ನ ಬೈದೆ. ಬಾಣಂತನದಲ್ಲಿ ಅನ್ನ ಅಳ್ದು ಹಾಕಿದ್ರಲ್ಲ. ಕಿರಣನ್ನ ಬೈದೆ. ನಂದಿತಾನ್ನೂ ಬೈದೆ, ನನ್ ಮಗ್ಳೇ ಅಂತ ಬಿಡ್ಲಿಲ್ಲ. ಎಂಥೆಂಥಾ ಮಾತು ಬಂತು ಅಂತೀರಾ, ನಾನ್ ಕೇಳ್ಕೊಂಡಿದ್ದೇ ಹೊರ್ತು ಆಡಿದ್ದೇ ಇಲ್ಲ. ನಿಮ್ಮನ್ನೂ ಬೈದೆ ಅತ್ತೆ.’

‘ನಾನೇನೇ ಮಾಡ್ದೆ?’

‘ನನ್ ಮದ್ವೇಲಿ ಸೀರೆ ವಿಷ್ಯಕ್ಕೆ ಅಮ್ಮನ್ನ ಅಳಿಸ್ಲಿಲ್ವಾ?’

ರೇವಮ್ಮ ಗಟ್ಟಿಯಾಗಿ ನಕ್ಕರು. ‘ಬೈಬೇಕಾದ್ದೇ ಬುಡು. ಆಮೇಕೆ?’

‘ಆಮೇಲೆ ಅಳು ಬಂತು, ಅತ್ತೆ. ಆಮೇಲೆ ಏನೂ ಇರ್ಲಿಲ್ಲ. ಸುಮ್ನೆ ನೀರು ನೋಡ್ಕೊಂಡ್ ನಿಂತಿದ್ದೆ.’

‘ಅದ್ಸರಿ. ಮೇಷ್ಟ್ರನ್ನ ಏನಂತ ಬೈದೆ?’

ಪ್ರಭುದೇವ ಸಿಂಕಿನ ಅಂಚನ್ನು ಹಿಡಿದುಕೊಂಡ. ಬರಲಿ ಎಂದುಕೊಂಡ. ಹೇಡಿ ಎನ್ನಲಿ, ಬಾಯಿಬಡುಕ ಎನ್ನಲಿ, ಲಿಂಗದ ಹೆಸರಿನಲ್ಲಿ ಸುಳ್ಳು ಹೇಳಿದವನು ಎನ್ನಲಿ, ಒದ್ದೆಯಾಗಿ ಬಂದವಳಿಗೆ ಪ್ಲಾಸ್ಟಿಕ್ ಹಾಸಿದವನು ಎನ್ನಲಿ. ಎಲ್ಲದಕ್ಕೂ ಅವನು ತಯಾರಾಗಿದ್ದ; ನಿಜ ಹೇಳಬೇಕೆಂದರೆ ಅವನಿಗೆ ಒಂದು ಥರದ ಸಂತೋಷವೇ ಆಗತೊಡಗಿತ್ತು. ಅಷ್ಟು ದೊಡ್ಡ ನೀರಿನ ಹಿಂದೆ, ಅಷ್ಟು ದೂರದ ದೇಶದಲ್ಲಿ, ಒಬ್ಬ ಹೆಂಗಸು ತನ್ನ ಹೆಸರು ಹಿಡಿದು ಕೂಗಿ ಬೈದಿದ್ದಾಳೆ ಎಂದರೆ ಅದೇನು ಸಣ್ಣ ಮಾತೇ.

ಸರ್ವಮಂಗಳ ಲೋಟಗಳನ್ನು ತಟ್ಟೆಗೆ ಜೋಡಿಸುವ ಸದ್ದಾಯಿತು. ‘ಅವ್ರು ನೆನಪಾಗ್ಲಿಲ್ಲ ಕಣತ್ತೆ,’ ಎಂದಳು. ‘ಹೊರಗ್ ಬಂದ್ ಕಾರ್ ನೋಡ್ದಾಗ್ಲೇ ಜ್ಞಾಪಕ ಬಂದಿದ್ದು.’

ಹಾಲು ಉಕ್ಕಿತೆಂದು ಕಾಣುತ್ತದೆ, ಒಳಗೆ ಗಡಿಬಿಡಿಯಾಯಿತು. ರೇವಮ್ಮ ಲೋಟದ ತಟ್ಟೆ ಹಿಡಿದು ಹೊರಗೆ ಬಂದು, ಅವನನ್ನು ನೋಡಿ, ‘ಕಾಫಿ ಬತ್ತೈತೆ, ಹೋಗಿ ಕೂತ್ಕಳಿ,’ ಎಂದು ಮುಂದೆ ಹೋದರು. ಅವನು ಹೋಗಿ ಕೂರಲಿಲ್ಲ. ಅಡುಗೆಮನೆಯ ಹೊಸ್ತಿಲು ದಾಟಿ ನಿಂತ. ಸರ್ವಮಂಗಳ ಸ್ಟವ್ ಒರೆಸುತ್ತಿದ್ದಳು. ಅವನ ಮುಖ ನೋಡಿದಾಗ ಕೇಳಿಸಿಕೊಂಡಿದ್ದಾನೆಂದು ಅವಳಿಗೆ ಗೊತ್ತಾಯಿತು. ಗಾಬರಿಯಾಗಲಿಲ್ಲ.

‘ನನ್ನನ್ನೂ ಬೈಬೋದಿತ್ತು ನೀನು,’ ಎಂದ ಪ್ರಭುದೇವ. ಇಡೀ ಜೀವನದಲ್ಲಿ ಅವನು ಇಷ್ಟು ಸಣ್ಣ ದನಿಯಲ್ಲಿ ಮಾತಾಡಿರಲಿಲ್ಲ.

‘ನಿಮ್ಮನ್ನ ಏನಂತ ಬೈಲಿ?’

ಅಣಕವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. ‘ಲಿಂಗದ ಮಾತು ಹೇಳಿದ್ನಲ್ಲ, ಕಾರ್ ಹತ್ರ. ನಿನ್ ಕೊರಳಲ್ಲೂ ಇತ್ತು,’ ಎಂದ ಅವನು.

ಅವಳು ನೆನಪು ಮಾಡಿಕೊಳ್ಳಲು ಒಂದು ಕ್ಷಣ ತೆಗೆದುಕೊಂಡಳು. ‘ಓ, ಅದಾ. ಹೆದರ್ಕೊಂಡು ಹಂಗಂದ್ರಿ ಅಂತ ಗೊತ್ತಿತ್ತು. ಪಾಪ ಅನ್ನಿಸ್ತು.’

‘ಒದ್ದೆ ಆಗಿ ಬಂದಾಗ ಸೀಟಿಗೆ ಕವರ್ ಹಾಸಿದ್ದು? ಆಗ ಏನೋ ಹೇಳೋಕ್ ಬಂದೆ ನೀನು.’

‘ಟವೆಲ್ ಕೊಡಿ ಅನ್ನೋಕ್ ಬಂದಿದ್ದೆ. ಬಾಡಿಗೆ ಕಾರು, ಹಾಸಿದ್ದು ಒಳ್ಳೇದೇ ಆಯ್ತು.’

‘ಕುಣಿಗಲ್ಲಲ್ಲಿ? ಈಗ ಅಲ್ಲಿ? ಸುಳ್ ಹೇಳ್ತಾ ಇದೀನಿ.’

‘ಹೇಳ್ಕೊಳ್ಳಿ, ಯಾರಿಗೇನ್ ನಷ್ಟ.’ ಅವಳು ಬಟ್ಟೆ ಹಿಂಡಿ ಹರವಿದಳು. ಅವನು ಕದಲದೆ ನಿಂತದ್ದನ್ನು ಕಂಡು, ಹೊಟ್ಟೆನೋವೆಂದು ಬಂದ ಮಗುವಿನ ಎದುರು ನಿಲ್ಲುವಂತೆ ಬಂದು ನಿಂತಳು. ‘ಬೇರೆ ಏನಾದ್ರೂ ಇದ್ರೆ ಜ್ಞಾಪಿಸ್ಕೊಂಡ್ ಹೇಳಿ. ಬೈತೀನಿ.’

ಪ್ರಭುದೇವ ಯೋಚಿಸಿದ. ಮದುವೆಯಾದಂದಿನಿಂದ ಶುರುಮಾಡಿ ಒಂದೊಂದೇ ವರ್ಷವನ್ನು ತಡಕಿದ. ಹೊಡೆದಿರಲಿಲ್ಲ, ಕುಡಿದಿರಲಿಲ್ಲ, ಅವಳು ಬೇಕೆಂದದ್ದನ್ನು ಬೇಡವೆಂದೂ ಇರಲಿಲ್ಲ. ಬೇಕೇ ಎಂದು ಕೇಳಿದ್ದೂ ಇಲ್ಲ. ನಡುಮನೆಯಿಂದ ಅಡವಿಯಪ್ಪ, ‘ಮೇಷ್ಟ್ರೇ, ಬನ್ನಿ, ಕಾಯ್ತಾವ್ರೆ ಎಲ್ಲಾ,’ ಎಂದು ಕರೆದ. ಸರ್ವಮಂಗಳ ಕಾಯುತ್ತಲೇ ಇದ್ದಳು. ಅವನಿಗೆ ಒಂದೂ ಹೊಳೆಯಲಿಲ್ಲ.